ಮೂಳೆ ಮಜ್ಜಿಗೆ

ಗುಂಡ್ಲುಪೇಟೆಯ ಮಂಡಿಗೆ ಬರುವ ಚೀಲಗಳಿಗೆ ಬಾಯಿ ಇದ್ದಿದ್ದರೆ, ಮಹಾಲಿಂಗನನ್ನು ಕಂಡ ಕೂಡಲೇ ಬೊಬ್ಬೆ ಹೊಡೆಯುತ್ತಿದ್ದವು. ಅವನ ಕೆಲಸವೇ ಅಂಥದ್ದು. ಹುರುಳಿ, ಜೋಳ, ಅವರೆ, ರಾಗಿ, ಏನೇ ಬಂದರೂ ಸಾಹುಕಾರರು ಬೆಲೆ ಕೂಗುವ ಮೊದಲು ಅವನು ತನ್ನ ಶ್ಯಾಂಪಲ್ ಕೊಳವೆ ಹಿಡಿದು ಹೊರಡುತ್ತಿದ್ದ. ಮೊಳದುದ್ದದ ಕಬ್ಬಿಣದ ಕೊಳವೆ ಅದು. ಒಂದು ತುದಿ ಚೂಪು, ಇನ್ನೊಂದು ತುದಿಗೆ ಮರದ ಹಿಡಿ, ಒಳಗೆಲ್ಲ ಟೊಳ್ಳು. ಚೀಲದ ಪಕ್ಕೆಗೆ ಚುಚ್ಚಿ, ಒಂದು ಸುತ್ತು ತಿರುಗಿಸಿ ಎಳೆದರೆ ಒಳಗಿನ ಕಾಳು ಕೊಳವೆ ತುಂಬ ಕೂತು ಬರುತ್ತಿತ್ತು. ಮಹಾಲಿಂಗ ಅದನ್ನು ಅಂಗೈಗೆ ಸುರಿದುಕೊಂಡು, ಒಂದು ಕಾಳನ್ನು ಹಲ್ಲಿಗಿಟ್ಟು ಕಟಕ್ಕೆನ್ನಿಸಿ, ಮುಗಿಲು ನೋಡಿ, ತೀರ್ಪು ಕೊಡುತ್ತಿದ್ದ.

"ತೇವಾಂಶ ಜಾಸ್ತಿ."

ಎಲ್ಲಕ್ಕೂ ಅದೇ ತೀರ್ಪು. ಸುಡು ಬಿಸಿಲಲ್ಲಿ ವಾರಗಟ್ಟಲೆ ಒಣಗಿ ಕಲ್ಲಾಗಿದ್ದ ಜೋಳಕ್ಕೂ ಅದೇ. ಕೊಳವೆಯನ್ನು ಎಲ್ಲಿ ಚುಚ್ಚಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚೀಲದ ತಳದ ಮೂಲೆ, ನೆಲದ ಥಂಡಿ ಹೀರಿಕೊಂಡ ಜಾಗ. ಕುದೇರಿನಿಂದ ಹುರುಳಿ ತಂದ ಮರಿಮಲ್ಲಪ್ಪ ಒಂದು ಸಲ ಕೈಮುಗಿದು ನಿಂತು, "ಮಾಲಿಂಗಣ್ಣ, ಮೇಲ್ಗಡೆ ಒಂದ್ ಸತಿ ಚುಚ್ಚಿ ನೋಡು. ಅಲ್ಲಿ ಬಂಗಾರದಂಗೆ ಅದೆ" ಎಂದ. ಮಹಾಲಿಂಗ ಕೊಳವೆ ಒರೆಸಿಕೊಳ್ಳುತ್ತ ಹೇಳಿದ್ದು ಮಂಡಿಯಲ್ಲೆಲ್ಲ ಮನೆಮಾತಾಯಿತು.

"ನಿನ್ ಬಾಯ್ಮಾತು ಬ್ಯಾಡ ಕಣ್ಲಾ. ಚೀಲ ಯೋಳ್ಲಿ."

ಇಂಥ ಅಧಿಕಾರ ಸಿಕ್ಕಿದ ಮನುಷ್ಯ ಅದನ್ನು ಮಂಡಿಯ ಗೇಟಿನಲ್ಲೇ ಬಿಟ್ಟು ಮನೆಗೆ ಹೋಗುತ್ತಾನೆಯೇ? ಮಹಾಲಿಂಗ ಮನೆಯಲ್ಲೂ ತೀರ್ಪು ಕೊಡುತ್ತಿದ್ದ. ಮುದ್ದೆಗೆ, ಸಾರಿಗೆ, ಬೀಗರ ಮಾತಿಗೆ, ಟೀವಿಯ ಹವಾಮಾನಕ್ಕೆ. ಹೆಂಡತಿ ಮಂಗಳಮ್ಮ ಅದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಆದರೆ ಒಂದು ದಿನ ತಮ್ಮನ ಮಗಳ ವೀಳ್ಯಶಾಸ್ತ್ರಕ್ಕೆ ಮನೆ ತುಂಬ ನೆಂಟರು ಕೂತಿದ್ದಾಗ, ಪಂಕ್ತಿಯ ಕೊನೆಗೆ ಮಂಗಳಮ್ಮ ಮಜ್ಜಿಗೆ ಬಡಿಸಿಕೊಂಡು ಬಂದಳು. ಅವಳದೇ ಹಸು, ಅವಳೇ ಕರೆದ ಹಾಲು, ಅವಳೇ ಕಡೆದ ಮಜ್ಜಿಗೆ. ಮಹಾಲಿಂಗ ಒಂದು ಗುಟುಕು ಬಾಯಿಗಿಟ್ಟು, ಹಲ್ಲು ಕಟಕ್ಕೆನ್ನಿಸಿ, ಜಂತೆ ನೋಡಿ, "ತೇವಾಂಶ ಜಾಸ್ತಿ. ಕ್ವಿಂಟಾಲ್‌ಗೆ ಐದ್ ಕೇಜಿ ತೂಕ ಕಡ್ಕೊಬೇಕಾಯ್ತದೆ" ಎಂದುಬಿಟ್ಟ.

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಗಳಮ್ಮ ನಗಲಿಲ್ಲ.

ನೆಂಟರು ಹೋದ ಮೇಲೆ ಅವಳು ಚೊಂಬು ಕೆಳಗಿಟ್ಟು, "ಇನ್ಮೇಕೆ ನಿಮ್ಗೆ ನನ್ ಹಸೀನ್ ಮಜ್ಗೆ ಒಂದ್ ತೊಟ್ಟೂ ಇಲ್ಲ" ಎಂದಳು. "ಯಾರಿಗ್ ಬೇಕಾಗಿತ್ತು?" ಎಂದ ಇವನು. ಮಾತು ಅಲ್ಲಿಗೆ ನಿಂತಿದ್ದರೆ ಮಾರನೆಯ ದಿನಕ್ಕೆ ಸರಿಹೋಗುತ್ತಿತ್ತೇನೋ. ಆದರೆ ಇಬ್ಬರೂ ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು. ದಿನ ಕಳೆದು ತಿಂಗಳಾಯಿತು, ವರ್ಷಗಳಾದವು. ಉಳಿದೆಲ್ಲ ಮಾತು, ಜಗಳ, ಸಂಸಾರ ನಡೆದೇ ಇತ್ತು. ಮಜ್ಜಿಗೆ ಎಂಬ ಪದ ಮಾತ್ರ ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮಹಾಲಿಂಗ ಹಾಲು, ಮೊಸರು, ತುಪ್ಪ ಎಲ್ಲಕ್ಕೂ ಬೆನ್ನು ತಿರುಗಿಸಿದ. ಮಂಡಿಗೆ ಈರುಳ್ಳಿ ತುಂಬಲು ಬರುವ ಕೇರಳದ ಲಾರಿಯವರ ಜೊತೆ ಕೂತು ಹಾಲಿಲ್ಲದ ಕಟ್ಟನ್ ಚಾಯ ಕುಡಿಯಲು ಕಲಿತು, ಅದೇ ಭಾರಿ ಆರೋಗ್ಯ ಎಂದು ಭಾಷಣ ಬೇರೆ ಮಾಡುತ್ತಿದ್ದ. ಅತ್ತ ಹಿತ್ತಲಿನ ಕರಿಬೇವಿನ ಗಿಡ ಮಾತ್ರ ಏಕೋ ಏನೋ ಮದವೇರಿದಂತೆ ಬೆಳೆದು ಹೆಂಚು ಮುಟ್ಟಿತ್ತು. ಅದರ ಕಾರಣವನ್ನು ಯಾರೂ ಕೇಳಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಮಹಾಲಿಂಗನಿಗೆ ಸುಸ್ತು ಶುರುವಾಯಿತು. ಸುಸ್ತೆಂದರೆ ಅಂಥಿಂಥ ಸುಸ್ತಲ್ಲ. ಒಂದು ಚೀಲ ಚುಚ್ಚಿ ಇನ್ನೊಂದು ಚೀಲದ ಮೇಲೆ ಕೂರಬೇಕಾಯಿತು. ನಾಲಿಗೆ ನುಣ್ಣಗಾಗಿ ಉರಿಯತೊಡಗಿತು, ಪಾದ ಜೋಮು ಹಿಡಿಯಿತು, ಮುಖ ಸುಣ್ಣ ಬಳಿದ ಗೋಡೆಯಾಯಿತು. ಅವನು ಮೆಡಿಕಲ್ ಅಂಗಡಿಯಿಂದ ಶಕ್ತಿ ಮಾತ್ರೆ ತಂದು, ನೆನಪಾದ ದಿನ ಎರಡು ನುಂಗಿ, ಮರೆತ ದಿನ ಸುಮ್ಮನಿದ್ದ. ಕೊನೆಗೆ ಪೇಟೆಯ ಡಾಕ್ಟರು ರಕ್ತ ನೋಡಿಸಿ, "ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್ಟು, ಮೂರೂ ಕಮ್ಮಿ ಇದೆ. ತಡ ಮಾಡದೆ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೋಗಿ" ಎಂದರು. ಮೂರೂ ಕಮ್ಮಿಯಾದರೆ ಏನರ್ಥವೆಂದು ಮಂಡಿಯ ಹಮಾಲರು ಫೋನಿನಲ್ಲಿ ಹುಡುಕಿ ನೋಡಿದರು. ನೋಡಿದವರು ಮಹಾಲಿಂಗನ ಜೊತೆ ಇದ್ದಕ್ಕಿದ್ದಂತೆ ತುಂಬ ಪ್ರೀತಿಯಿಂದ ಮಾತಾಡತೊಡಗಿದರು. ಅವನಿಗೆ ನಿಜವಾಗಿ ಭಯ ಹುಟ್ಟಿದ್ದು ಆಗ.

ದೊಡ್ಡಾಸ್ಪತ್ರೆಯ ಡಾಕ್ಟರ್ ಭಾನು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ನಿಧಾನಸ್ಥರು. ಹೆಬ್ಬೆರಳಿನಿಂದ ಅವನ ಕೆಳರೆಪ್ಪೆ ಎಳೆದು ನೋಡಿದರು. ನಾಲಿಗೆ ಚಾಚಿಸಿ ನೋಡಿದರು.

"ಯಜಮಾನ್ರೇ, ಮಾಂಸ, ಮೊಟ್ಟೆ ತಿಂತೀರಾ?"

"ಶಿವ ಶಿವಾ! ನಾವು ಲಿಂಗ ಕಟ್ಟಿರೋರು ಕಣವ್ವ."

"ಸರಿ. ಹಾಲು, ಮೊಸರು, ಮಜ್ಜಿಗೆ?"

ಮಹಾಲಿಂಗ ಹೆಂಡತಿಯ ಕಡೆ ನೋಡಿದ. ಅವಳು ಕೈತೊಳೆಯುವುದು ಹೇಗೆಂಬ ಗೋಡೆಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು. ಕಟ್ಟಿಕೊಂಡವಳು ಮಜ್ಜಿಗೆ ಹಾಕುತ್ತಿಲ್ಲ ಎಂದು ಪರರ ಮುಂದೆ ಹೇಳುವುದು ಗಂಡಸಿಗೆ ಮರ್ಯಾದೆಯೇ?

"ಧಾರಾಳವಾಗಿ," ಎಂದ. "ಮನೇಲೇ ಹಸ ಅದೆ. ಹೊಳೆ ಹರ್ದಂಗೆ."

ಕಟ್ಟಿಕೊಂಡವನಿಗೆ ಮಜ್ಜಿಗೆ ಹಾಕಿಲ್ಲ ಎಂದು ಒಪ್ಪಿಕೊಳ್ಳುವುದು ಹೆಂಗಸಿಗೆ ಮರ್ಯಾದೆಯೇ? ಮಂಗಳಮ್ಮನೂ ಬಾಯಿಗೆ ಬೀಗ ಹಾಕಿಕೊಂಡಳು.

"ಹಾಗಾದ್ರೆ ನಾನು ಅಂದ್ಕೊಂಡಿದ್ದು ಅಲ್ಲ" ಎಂದರು ಡಾಕ್ಟರು. "ಬೆಳಗ್ಗೆ ತೆಗೆದ ರಕ್ತದಲ್ಲಿ ವಿಟಮಿನ್ ನೋಡಿಸ್ದೆ. ನೀವು ಅದ್ಯಾವುದೋ ಮಾತ್ರೆ ನುಂಗಿರೋದ್ರಿಂದ ಅದೂ ಆ ಕಡೆಗಿಲ್ಲ, ಈ ಕಡೆಗಿಲ್ಲ. ರಕ್ತ ತಯಾರಾಗೋದು ಮೂಳೆ ಒಳಗೆ. ಅಲ್ಲೇ ಏನು ನಡೀತಿದೆ ಅಂತ ನೋಡ್ಬೇಕು. ಸೊಂಟದ ಹಿಂದಿನ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೀತೀವಿ. ಮೂಳೆ ಮಜ್ಜೆ ಪರೀಕ್ಷೆ ಅಂತಾರೆ. ಜಾಗ ಮರಗಟ್ಟಿಸಿಯೇ ಮಾಡೋದು, ಹೆದರ್ಬೇಡಿ. ಅರ್ಧ ಗಂಟೆ ಕೆಲಸ, ಸಾಯಂಕಾಲ ಮನೆಗೆ ಹೋಗ್ಬಹುದು."

"ಎಂತದ್ರಲ್ಲಿ ತಗೀತೀರಿ?"

"ಒಂದು ಸೂಜಿ. ಒಳಗೆ ಟೊಳ್ಳು, ಮೇಲೆ ಹಿಡಿ. ಚುಚ್ಚಿ, ತಿರುಗಿಸಿ, ಎಳೆದ್ರೆ ಒಳಗಿಂದು ಅದರಲ್ಲಿ ಕೂತು ಬರುತ್ತೆ."

ಮಹಾಲಿಂಗನ ಮುಖದಲ್ಲಿ ಇಳಿಯಲು ರಕ್ತವೇ ಉಳಿದಿರಲಿಲ್ಲ. ಆದರೂ ಇನ್ನಷ್ಟು ಬಿಳಚಿಕೊಂಡ. ಡಾಕ್ಟರಮ್ಮ ಹೇಳಿದ್ದು ಅವನ ಶ್ಯಾಂಪಲ್ ಕೊಳವೆಯನ್ನೇ. ಆ ಕೊಳವೆಯ ಉದ್ದ ಅವನಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿತ್ತು?

ವಾಪಸು ಬರುವ ಬಸ್ಸು ತೆರಕಣಾಂಬಿ ದಾಟುವವರೆಗೂ ಮಂಗಳಮ್ಮ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಅವಳ ತಲೆಯಲ್ಲಿ ಒಂದೇ ಪದ ಕೊರೆಯುತ್ತಿತ್ತು. ಡಾಕ್ಟರು ಹೇಳಿದ ಮಜ್ಜೆ ಎಂಬುದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪಟ್ಟಣದವರು ಪದಗಳನ್ನು ತುಂಡು ಮಾಡಿ ಆಡುವುದು ಅವಳಿಗೆ ಗೊತ್ತಿತ್ತು. ಪಾಪ, ಅವಸರದಲ್ಲಿ ಕೊನೆಯ ಅಕ್ಷರ ನುಂಗಿದ್ದಾರೆ.

"ಮೂಳೆ ಮಜ್ಜಿಗೆ ಅಂದ್ರಲ್ಲ," ಎಂದಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ. ವರ್ಷಗಳ ಮೇಲೆ ಆ ಪದ ಅವರಿಬ್ಬರ ನಡುವೆ ಬಂದಿತ್ತು. "ಕುಡ್ದಿದ್ದೆಲ್ಲ ಮೂಳೇಲಿ ಇಳ್ದಿರ್ತದಂತೆ. ಅದ ತಗ್ದು ನೋಡ್ತಾರಂತೆ."

"ಸುಮ್ನೆ ಕೂತ್ಕೊ."

"ಇಲ್ದೇ ಇರೋದ ಎಲ್ಲಿಂದ ತಗೀತಾರೆ? ಚುಚ್ಚಿ ನೋಡ್ಬುಟ್ಟು, ಏನಮ್ಮಾ, ಗಂಡನ್ ಮೂಳೇಲಿ ಒಂದ್ ತೊಟ್ಟೂ ಇಲ್ವಲ್ಲ ಅಂದ್ರೆ ನಾನ್ ಯಾವ್ ಮೊಖ ಇಟ್ಕಳ್ಳಿ?"

ಮಹಾಲಿಂಗನಿಗೆ ಅವಳ ಮುಖದ ಚಿಂತೆ ಇರಲಿಲ್ಲ. ಅವನಿಗೆ ತನ್ನ ಸೊಂಟದ ಚಿಂತೆ. ಬಸ್ಸಿಳಿದವನೇ ನೇರವಾಗಿ ಮುನಾವರನ ತಗಡಿನ ಅಂಗಡಿಗೆ ಹೋದ. ಬೆನ್ನಿಗೇ ಅವಳೂ ಬಂದಳು. ಮುನಾವರ್ ಮಹಾಲಿಂಗನ ಜೊತೆ ಗೋಲಿ ಆಡಿ ಬೆಳೆದವನು. ಬಕೆಟ್ಟು, ಆಲಿಕೆ, ಮೊರ ಎಲ್ಲ ಬಡಿದು ಮಾಡುತ್ತಿದ್ದ. ಮಂಡಿಯ ಶ್ಯಾಂಪಲ್ ಕೊಳವೆಗಳೂ ಅವನ ಕೈಯವೇ. ವಿಷಯ ಕೇಳಿ ಅವನು ಸುತ್ತಿಗೆ ಕೆಳಗಿಟ್ಟ.

"ಅಕ್ಕಾ, ಮಜ್ಜಿಗೆ ಅಲ್ಲ ಕಣಕ್ಕ, ಮಜ್ಜೆ. ನಮ್ಮನೇಲಿ ಬಿರಿಯಾನಿ ದಿನ ನಲ್ಲಿ ಮೂಳೆ ತಟ್ಟಿ ತಟ್ಟಿ ಹೀರ್ತೀವಲ್ಲ, ಅದ್ರೊಳಗಿರೋದು. ನನ್ ಮಗಳು ಅಸ್ಮಾಗೆ ಅದಂದ್ರೆ ಪ್ರಾಣ."

ಮಂಗಳಮ್ಮ ಸೆರಗನ್ನು ಮೂಗಿಗೆ ಹಿಡಿದಳು. "ಅದು ನಿಮ್ಮೋರ ಮೂಳೇಲಿ ಮುನಾವರಣ್ಣ. ನಾವು ಅದೆಲ್ಲ ತಿನ್ನೋರೇ ಅಲ್ಲ, ನಮ್ ಮೂಳೇಲಿ ಎಂಗ್ ಬತ್ತದೆ? ನಮ್ಮೋರ ಮೂಳೇಲಿ ಮಜ್ಜಿಗೇನೇ ಇರದು."

ಮುನಾವರ್ ತಲೆ ಕೆರೆದುಕೊಂಡ. ಯೋಚಿಸಿ ನೋಡಿದರೆ ಮಾತು ನ್ಯಾಯವಾಗಿಯೇ ಇದೆ ಎನ್ನಿಸಿತು. ಅವನು ಗೆಳೆಯನ ಕಡೆ ತಿರುಗಿದ. "ಹೆದರ್ಬ್ಯಾಡ ಕಣ್ಲಾ. ಕೆಲಸ ಎಂಗ್ ಮಾಡ್ತಾರೆ ಅಂತ ಒಂದ್ ಸತಿ ಕಣ್ಣಾರೆ ನೋಡ್ಬುಟ್ರೆ ಹೆದ್ರಿಕೆ ಓಯ್ತದೆ. ತಡಿ."

ಪಕ್ಕದ ಪಂಕ್ಚರ್ ಅಂಗಡಿಯವನು ದೃಷ್ಟಿಗೆಂದು ತೂಗಿಹಾಕಿದ್ದ ಬೂದುಗುಂಬಳವನ್ನು ಮುನಾವರ್ ಹೇಳದೆ ಕೇಳದೆ ಬಿಚ್ಚಿಕೊಂಡು ಬಂದ. ಅದನ್ನು ಮಗ್ಗುಲಾಗಿ ಮಲಗಿಸಿದ. ಹೊಸ ಕೊಳವೆಯೊಂದನ್ನು ತೆಗೆದು, "ಇದು ನಿನ್ ಸೊಂಟ. ಇದು ಸೂಜಿ. ಬಿಸ್ಮಿಲ್ಲಾ" ಎಂದು ಚುಚ್ಚಿ ತಿರುಗಿಸಿದ. ಬಿಸಿಲಿಗೆ ಎಷ್ಟು ದಿನದಿಂದ ಕೊಳೆಯುತ್ತಿತ್ತೋ ಆ ಕುಂಬಳ. ಪಚಕ್ಕೆಂದು ಹಾರಿದ ನೀರು ಮಹಾಲಿಂಗನ ಹಣೆಯಿಂದ ಗಲ್ಲದವರೆಗೂ ಇಳಿಯಿತು. ಅವನು ಹಾಗೆಯೇ ತಗಡಿನ ರಾಶಿಯ ಮೇಲೆ ಕುಸಿದು ಕೂತ.

"ತೇವಾಂಶ ಜಾಸ್ತಿ ಅದೆ" ಎಂದ ಮುನಾವರ್. ಮಂಗಳಮ್ಮ ಅವನನ್ನು ಸುಟ್ಟುಬಿಡುವಂತೆ ನೋಡಿದಳು.

ಪರೀಕ್ಷೆಯ ದಿನ ಮೂವರೂ ಹೊರಟರು. ಮುನಾವರ್ ಧೈರ್ಯ ಹೇಳಲು ಬರುತ್ತೇನೆಂದ. ನಿಜಕ್ಕೆ ಅವನಿಗೆ ಆ ಸೂಜಿ ನೋಡುವ ಆಸೆ. ಮಂಗಳಮ್ಮನ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಹಿಂದಿನ ರಾತ್ರಿಯೇ ಹೆಪ್ಪು ಹಾಕಿ, ಬೆಳಗ್ಗೆ ಎದ್ದು ಕಡೆದು, ನೀರನ್ನು ಹನಿ ಲೆಕ್ಕದಲ್ಲಿ ಬೆರೆಸಿ ಮಾಡಿದ ಮಜ್ಜಿಗೆ. ಆಸ್ಪತ್ರೆಯ ಬೇವಿನ ಮರದ ಕೆಳಗೆ ಅವಳು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು.

"ಒಂದ್ ಗುಟುಕು ಕುಡೀರಿ. ಈಗ ಕುಡುದ್ರೂ ಚುಚ್ಚೋ ಹೊತ್ಗೆ ಮೂಳೆಗೆ ಇಳ್ದಿರ್ತದೆ."

ಸೆರಗಿನ ತುದಿಯಿಂದ ಡಬ್ಬಿಯ ಅಂಚು ಒರೆಸಿ ಇನ್ನಷ್ಟು ಹತ್ತಿರ ಹಿಡಿದಳು. ಮಹಾಲಿಂಗ ಅದನ್ನು ನೋಡಿದ, ನೋಡಿಯೂ ಮುಖ ತಿರುಗಿಸಿದ. ಕುಡಿದುಬಿಡಬೇಕೆಂದು ನಾಲಿಗೆಗೆ ಎಷ್ಟು ಆಸೆಯಾಯಿತೋ, ಸೋತೆನೆಂದಾಗುತ್ತದಲ್ಲ ಎಂದು ಮನಸ್ಸಿಗೆ ಅಷ್ಟೇ ಉರಿಯಿತು. ಸಾಯುವ ಭಯದಲ್ಲಿ ನಿಂತವನಿಗೂ ಸೋಲುವ ಭಯ ಬಿಡಲಿಲ್ಲ, ನೋಡಿ.

"ಬ್ಯಾಡ" ಎಂದ. "ಉಚ್ಚೆ ಉಯ್ದು ಬತ್ತೀನಿ."

ಉಚ್ಚೆ ಹೊಯ್ಯಲು ಹೋದವನು ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಅರ್ಧ ದೂರ ಹೋಗಿದ್ದ. ಮುನಾವರ್ ಆಟೋ ಹತ್ತಿ ಹಿಂದೆ ಬಿದ್ದು ಹಿಡಿದ. ಓಡಲು ಹೋಗಿ ಮಹಾಲಿಂಗನಿಗೆ ಉಸಿರು ಸಿಗುತ್ತಿರಲಿಲ್ಲ. ಒಂದು ಮೋರಿಯ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತಿದ್ದ.

"ನಂಗೆ ಹೆದ್ರಿಕೆ ಕಣ್ಲಾ ಮುನಾವರ್," ಎಂದ. "ಚುಚ್ಚೋದ್ಕಲ್ಲ. ನಾನು ಎಷ್ಟ್ ಚೀಲ ಚುಚ್ಚಿವ್ನಿ ನಿಂಗೇ ಗೊತ್ತು. ಒಂದ್ಕಾದ್ರೂ ಚೆನ್ನಾಗದೆ ಅಂತ ಯೋಳಿದ್ನಾ? ನನ್ ಚೀಲಕ್ಕೆ ಯಾರ್ ಯೋಳ್ತಾರ್ಲಾ ಚೆನ್ನಾಗದೆ ಅಂತ?"

ಮುನಾವರ್ ಆಟೋದವನಿಗೆ ನಿಲ್ಲಲು ಕೈಮಾಡಿದ. ಅವನು ಪಕ್ಕದಲ್ಲಿ ಕೂತು ಗೆಳೆಯನ ಬೆನ್ನು ಸವರಿದ. "ಆ ಡಾಕ್ಟ್ರಮ್ಮ ನಿನ್ನಂತೋರಲ್ಲ ಕಣ್ಲಾ," ಎಂದ ಕೊನೆಗೆ. ಅದು ಸಮಾಧಾನವೋ ಬೈಗುಳವೋ ತಿಳಿಯಲಿಲ್ಲ. ಆದರೂ ಮಹಾಲಿಂಗ ಎದ್ದು ಬಂದ.

ಒಳಗೆ ಸಣ್ಣ ಕೋಣೆ, ಎತ್ತರದ ಮಂಚ, ಹಸಿರು ಬಟ್ಟೆ ಹಾಸಿದ ತಟ್ಟೆ. ಮುನಾವರ್ ಬಾಗಿಲಲ್ಲಿ ಕತ್ತು ಚಾಚಿ ತಟ್ಟೆ ನೋಡಿದ. ಎರಡು ಸೂಜಿ ಇದ್ದವು. ಒಂದು ಗಿಡ್ಡ, ಜಾಸ್ತಿ ಆಳಕ್ಕೆ ಹೋಗದಂತೆ ಅದಕ್ಕೊಂದು ತಡೆ. ಇನ್ನೊಂದು ಗೇಣಿಗೂ ಕಡಿಮೆ ಉದ್ದ, ಬಾಲ್‌ಪೆನ್ನಿನ ರೀಫಿಲ್ಲಿಗಿಂತ ಒಂಚೂರು ದಪ್ಪ, ಮೇಲೆ ಅಡ್ಡ ಹಿಡಿ, ಒಳಗೆ ತೂರಿಸಿಟ್ಟ ಸರಳು.

"ಇಷ್ಟೇನಾ?" ಎಂದ ಮುನಾವರ್. ಅವನ ದನಿಯಲ್ಲಿ ನಿಜವಾದ ದುಃಖವಿತ್ತು. "ಒಳ್ಗಡೆ ಸರಳು ಯಾಕ್ ಮೇಡಮ್?"

"ಒಳಗೆ ಹೋಗುವಾಗ ಸೂಜಿ ಕಟ್ಕೊಳ್ಳದೆ ಇರ್ಲಿ ಅಂತ. ಮೂಳೆ ಸೇರಿದ ಮೇಲೆ ಸರಳು ತೆಗೀತೀವಿ. ನೀವು ಹೊರಗಿರಿ."

"ಹಿಡಿ ಯಾರ್ ಕೂರ್ಸಿದ್ದು? ಬೆಸುಗೇನೇ ಕಾಣಲ್ವಲ್ಲ?"

ನರ್ಸ್ ಬಾಗಿಲು ಹಾಕಿದಳು.

ಮಹಾಲಿಂಗನನ್ನು ಎಡ ಮಗ್ಗುಲಿಗೆ ಮಲಗಿಸಿ ಮಂಡಿಯನ್ನು ಎದೆಗೆ ಮಡಿಸಿದರು. ಲಾರಿಯಿಂದ ಇಳಿಸಿ ಗೋಡೆಗೊರಗಿಸಿದ ಚೀಲ ಹೇಗಿರುತ್ತದೋ ಹಾಗೇ ಇದ್ದ. ಸೊಂಟದ ಮೇಲೆ ತಣ್ಣನೆಯ ಕಂದು ನೀರು ಸವರಿದರು. ನಡುವೆ ತೂತಿದ್ದ ಬಟ್ಟೆ ಹೊದಿಸಿದರು. ಈಗ ಅವನ ಇಡೀ ಮೈಯಲ್ಲಿ ಡಾಕ್ಟರಿಗೆ ಕಾಣುತ್ತಿದ್ದದ್ದು ಅಂಗೈಯಗಲದ ಜಾಗ.

"ಮೇಡಮ್," ಎಂದ ಮಹಾಲಿಂಗ ಗೋಡೆಗೆ ಮುಖ ಮಾಡಿಕೊಂಡು, "ಒಸಿ ಒಳ್ಳೆ ಕಡೆ ನೋಡಿ ಚುಚ್ಚಿ. ಇಲ್ಲಿ ಸರಿಯಿಲ್ಲ ಅನ್ಸುದ್ರೆ ಮೇಲ್ಗಡೆ ಇನ್ನೊಂದ್ ಸತಿ ನೋಡಿ."

ಹೇಳಿದ ಮೇಲೆ ಅವನಿಗೆ ಮರಿಮಲ್ಲಪ್ಪನ ಮುಗಿದ ಕೈ ಕಣ್ಣೆದುರು ಬಂದು ನಿಂತಿತು.

"ಎಲ್ಲಾ ಕಡೆನೂ ಅದೇ ಮಜ್ಜೆ ಯಜಮಾನ್ರೇ. ಈಗ ಇರುವೆ ಕಚ್ಚಿದ ಹಾಗೆ ಆಗುತ್ತೆ, ಆಮೇಲೆ ಸ್ವಲ್ಪ ಉರಿ. ಅದು ಮರಗಟ್ಟಿಸೋ ಇಂಜೆಕ್ಷನ್."

ಕಚ್ಚಿತು, ಉರಿಯಿತು, ಆಮೇಲೆ ಆ ಜಾಗವೇ ಅವನದಲ್ಲ ಎಂಬಂತಾಯಿತು. ಗಿಡ್ಡ ಸೂಜಿ ಒಳಗೆ ಹೋದದ್ದು ಬರೀ ಒತ್ತಿದಂತೆ ತಿಳಿಯಿತು. ಡಾಕ್ಟರು, "ಈಗ ಎಳೀತೀನಿ. ಕಾಲಿನವರೆಗೂ ಜಗ್ಗಿದ ಹಾಗೆ ಆಗುತ್ತೆ. ಉಸಿರು ಎಳ್ಕೊಂಡು ಬಿಡಿ, ಅಷ್ಟರಲ್ಲಿ ಮುಗಿಯುತ್ತೆ" ಎಂದು ಹೇಳಿಯೇ ಎಳೆದರು. ಆಹಾ, ಆ ಎಳೆತ! ಯಾರೋ ಬಾವಿಯ ಹಗ್ಗವನ್ನು ಅವನ ತೊಡೆಯೊಳಗಿಂದ ಸೇದಿದಂತಾಯಿತು. "ಮಾದಪ್ಪಾ!" ಎಂದು ಅವನು ಕೂಗಿದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತು. ಕೂಗು ಮುಗಿಯುವಷ್ಟರಲ್ಲಿ ನೋವೂ ಮುಗಿದಿತ್ತು. ಉಳಿದ ಕೂಗನ್ನು ಏನು ಮಾಡುವುದೆಂದು ತಿಳಿಯದೆ ಅವನು ಕೆಮ್ಮಿದ.

ಆಮೇಲೆ ಉದ್ದನೆಯ ಸೂಜಿ. ಡಾಕ್ಟರು ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತ ಒತ್ತುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು. ಆ ತಿರುವು ಅವನದೇ ಕೈಯ ತಿರುವು. ಎಷ್ಟೋ ವರ್ಷ ಚೀಲಗಳ ಮೇಲೆ ಅವನು ತಿರುಗಿಸಿದ್ದು ಈಗ ತನ್ನ ಮೂಳೆಯೊಳಗೆ ಕರಕರ ಎನ್ನುತ್ತಿತ್ತು. ಆದರೆ ಈ ಕೈ ಅವಸರ ಮಾಡಲಿಲ್ಲ, ಮೂಲೆ ಹುಡುಕಲಿಲ್ಲ. ಅದಕ್ಕೇ ಅವನಿಗೆ ಅಳು ಬಂತು. ನೋವಿಗೆ ಬಂದದ್ದೆಂದು ನರ್ಸ್ ಅವನ ಭುಜ ಹಿಡಿದುಕೊಂಡಳು.

"ಬಂತು ನೋಡಿ" ಎಂದರು ಡಾಕ್ಟರು. ಚಿಕ್ಕ ಶೀಶೆಯೊಳಗೆ ಮುರಿದ ಶಾವಿಗೆಯಷ್ಟು ಕೆಂಪುಬಿಳುಪಿನ ಒಂದು ಎಳೆ ತೇಲುತ್ತಿತ್ತು. ಅದನ್ನು ಕಂಡ ಮಹಾಲಿಂಗನಿಗೆ ಹಳೆಯ ಅಭ್ಯಾಸ ತಡೆಯಲಾಗಲಿಲ್ಲ.

"ತೇವಾಂಶ ಎಂಗದೆ ಮೇಡಮ್?"

ಗಾಯಕ್ಕೆ ಪಟ್ಟಿ ಒತ್ತಿ ಕಟ್ಟಿ, ಅಂಗಾತ ಮಲಗಿಸಿ, ಅವನ ಭಾರವೇ ಗಾಯವನ್ನು ಅದುಮಲಿ ಎಂದು ಅಲುಗಾಡದೆ ಇರಲು ಹೇಳಿದರು. ನಾಳೆಯವರೆಗೆ ಪಟ್ಟಿ ನೆನೆಸಬಾರದು, ಎರಡು ದಿನ ನೋವಿರುತ್ತದೆ, ಭಾರ ಎತ್ತಬಾರದು. ಇಷ್ಟು ಹೇಳಿ ಡಾಕ್ಟರು ಬಾಗಿಲು ತೆರೆದರೆ ಮಂಗಳಮ್ಮ ಡಬ್ಬಿ ಎದೆಗವಚಿಕೊಂಡು ಅಲ್ಲೇ ನಿಂತಿದ್ದಳು.

"ಬಂತಾ ಮೇಡಮ್? ಮಜ್ಜಿಗೆ ಬಂತಾ?"

ಡಾಕ್ಟರು ಕೈಗವಸು ಬಿಚ್ಚುವ ಗಡಿಬಿಡಿಯಲ್ಲಿದ್ದರು. "ಬಂತಮ್ಮ, ಚೆನ್ನಾಗಿ ಬಂತು. ಬೇಕಾದಷ್ಟು ಸಿಕ್ತು."

ಮಂಗಳಮ್ಮನ ಮುಖ ಮೊದಲು ಅರಳಿತು. ಆಮೇಲೆ ನಿಧಾನವಾಗಿ ಗಂಟಿಕ್ಕಿತು. ಅವಳು ಮಂಚದ ಬಳಿ ಬಂದು ನಿಂತಳು.

"ಎಲ್ಲಿಂದ ಬಂತು?"

"ಸೊಂಟದಿಂದ" ಎಂದ ಮಹಾಲಿಂಗ.

"ಸೊಂಟಕ್ಕೆ ಎಲ್ಲಿಂದ ಬಂತು ಅಂತ ಕೇಳ್ತಾವ್ನಿ! ನಾನು ನಾಕ್ ವರ್ಸದಿಂದ ಒಂದ್ ತೊಟ್ಟು ಹಾಕಿಲ್ಲ. ಬೇಕಾದಷ್ಟು ಸಿಕ್ತಂತೆ! ಯಾರ್ ಮನೇಲಿ ಕುಡೀತಿದ್ರಿ? ಯೋಳಿ, ಯಾರ್ ಕಡ್ದಿದ್ದ ಮಜ್ಜಿಗೆ?"

"ಅಯ್ಯೋ, ಮಾದಪ್ಪನಾಣೆ ಎಲ್ಲೂ ಕುಡ್ದಿಲ್ಲ ಕಣಮ್ಮಿ! ನಾಕ್ ವರ್ಸದಿಂದ ಹಾಲು ಮೊಸ್ರು ಮಜ್ಗೆ ಏನೂ ಮುಟ್ಟಿಲ್ಲ! ಬರೀ ಕಟ್ಟನ್ ಚಾಯ!"

"ಸುಳ್ಳು! ಮೂಳೇಲಿ ಸಿಕ್ಬುಟ್ಟದೆ!"

ಮಲಗಿದವನು ಅಲುಗಾಡುವಂತಿರಲಿಲ್ಲ, ಆಣೆ ಇಡಲು ಎತ್ತಿದ ಕೈಯನ್ನು ನರ್ಸ್ ಕೆಳಗಿಳಿಸುತ್ತಿದ್ದಳು. ಗಲಾಟೆ ಕೇಳಿ ಮುನಾವರ್ ಒಳಬಂದು, ಯಾರೂ ನೋಡದ ಹೊತ್ತು ಸಿಕ್ಕಿತೆಂದು ತಟ್ಟೆಯ ಸೂಜಿಯ ಮೇಲೆ ಬಗ್ಗಿದ. ಅಷ್ಟರಲ್ಲಿ ಡಾಕ್ಟರ್ ಭಾನು ಕೈಯಲ್ಲಿದ್ದ ಕೈಗವಸನ್ನು ಬುಟ್ಟಿಗೆ ಹಾಕುವುದನ್ನೂ ಮರೆತು ನಿಂತುಬಿಟ್ಟಿದ್ದರು.

"ಒಂದು ನಿಮಿಷ. ನಾಲ್ಕು ವರ್ಷದಿಂದ ಏನೂ ಮುಟ್ಟಿಲ್ಲ ಅಂದ್ರಾ? ಅವತ್ತು ಹೊಳೆ ಹರಿದ ಹಾಗೆ ಅಂದ್ರಲ್ಲ?"

ಮಹಾಲಿಂಗ ಜಂತೆ ನೋಡಿದ. ಆಸ್ಪತ್ರೆಗೆ ಜಂತೆ ಇರಲಿಲ್ಲ, ಫ್ಯಾನಿತ್ತು. ಮಂಗಳಮ್ಮ ಕೈತೊಳೆಯುವ ಚಿತ್ರ ಹುಡುಕಿದಳು. ಅದು ಬೇರೆ ಕೋಣೆಯಲ್ಲಿತ್ತು. ಕೊನೆಗೆ ಇಬ್ಬರೂ ಒಟ್ಟಿಗೇ ಬಾಯಿಬಿಟ್ಟು, ವೀಳ್ಯಶಾಸ್ತ್ರ, ತೇವಾಂಶ, ಐದು ಕೇಜಿ, ನೆಂಟರ ನಗು ಎಲ್ಲವನ್ನೂ ಹೇಳಿದರು. ಡಾಕ್ಟರು ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕೂತರು. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದರು.

"ಇನ್ಮೇಲೆ ನೀವು ಇಬ್ಬರೂ ಹೇಳೋದು ಬೇಡ" ಎಂದರು. "ಶ್ಯಾಂಪಲ್ ತೆಗೆದಿದ್ದೀನಲ್ಲ, ಅದೇ ಹೇಳಲಿ."

ಮಹಾಲಿಂಗ ಕಣ್ಣು ಮುಚ್ಚಿಕೊಂಡ.

ರಿಪೋರ್ಟು ಬರುವವರೆಗಿನ ದಿನಗಳು ಹೇಗೆ ಕಳೆದವೆಂದು ಆ ಮನೆಯವರನ್ನು ಕೇಳಬಾರದು. ಮಂಡಿಯವರು ಪ್ರೀತಿಯಿಂದ ಮಾತಾಡ ಬಂದರೆ ಮಹಾಲಿಂಗ ಕದ ಹಾಕಿಕೊಳ್ಳುತ್ತಿದ್ದ. ಮಂಗಳಮ್ಮ ಗೌರಿಗೆ, ಮಾದಪ್ಪನಿಗೆ, ಊರಿನ ಎಲ್ಲ ದೇವರಿಗೂ ಹರಕೆ ಹೊತ್ತಳು. ಕುಡಿಯಲು ಅವನೂ ಕೇಳಲಿಲ್ಲ, ಕೊಡಲು ಅವಳಿಗೂ ಧೈರ್ಯ ಬರಲಿಲ್ಲ. ತನ್ನ ಒಂದು ಮಾತಿನಿಂದ ಈ ಮನುಷ್ಯ ಸಾಯುತ್ತಿದ್ದಾನೋ ಎಂಬ ಹೆದರಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಡಾಕ್ಟರ್ ಭಾನು ಕಾಗದ ನೋಡಿ ತಲೆ ಎತ್ತಿದರು. "ಕ್ಯಾನ್ಸರ್ ಅಲ್ಲ. ಬಿ ಹನ್ನೆರಡು ಅನ್ನೋ ವಿಟಮಿನ್ ಇಲ್ದೆ ನಿಮ್ಮ ಮಜ್ಜೆ ಒದ್ದಾಡ್ತಿದೆ. ಮಾಂಸ ಮೊಟ್ಟೆ ತಿನ್ನದವರಿಗೆ ಅದು ಸಿಗೋದು ಹಾಲು ಮೊಸರಿನಿಂದ. ನೀವು ಅದಕ್ಕೂ ಬಾಗಿಲು ಹಾಕಿದ್ರಿ. ಈಗ ಇಂಜೆಕ್ಷನ್ ಕೊಡ್ತೀನಿ, ತಪ್ಪಿಸ್ಬಾರ್ದು. ವಾಸಿಯಾಗುತ್ತೆ. ಜೊತೆಗೆ ದಿನಾ ಹಾಲು, ಮೊಸರು, ಮಜ್ಜಿಗೆ."

ಮಂಗಳಮ್ಮ ಎದ್ದು ನಿಂತಳು. "ನಾನು ಮೊದ್ಲ ದಿನಾನೇ ಯೋಳ್ಳಿಲ್ವಾ? ಮೂಳೇಲಿ ಮಜ್ಜಿಗೆ ಇಲ್ಲ ಅಂತ! ಮುನಾವರಣ್ಣ, ಕೇಳುಸ್ಕಂಡ್ರಾ? ನಲ್ಲಿ ಮೂಳೆ ಅಂತೆ, ನಲ್ಲಿ ಮೂಳೆ!" ಎಂದವಳು ಅಲ್ಲಿಯೇ ಸೆರಗಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಡಾಕ್ಟರು ಮಜ್ಜೆಯೇ ಬೇರೆ, ಮಜ್ಜಿಗೆಯೇ ಬೇರೆ ಎಂದು ವಿವರಿಸಲು ಬಾಯಿ ತೆರೆದರು, ಮತ್ತೆ ಮುಚ್ಚಿದರು.

ಅವತ್ತು ಸಂಜೆ ಮಹಾಲಿಂಗ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ಮಂಗಳಮ್ಮ ಎರಡು ಲೋಟ ಮಜ್ಜಿಗೆ ಹಿಡಿದು ಬಂದಳು. ಒಂದು ತನಗೆ. ಇನ್ನೊಂದನ್ನು ಹಿಡಿದವಳ ಕಾಲುಗಳು ಅಭ್ಯಾಸಬಲದಿಂದ ಕರಿಬೇವಿನ ಗಿಡದ ಕಡೆಗೇ ನಡೆದವು. ಬುಡದಲ್ಲಿ ಬಗ್ಗಿ ಇನ್ನೇನು ಸುರಿಯಬೇಕು, ಆಗ ನೆನಪಾಗಿ ನಿಂತಳು.

ಮಹಾಲಿಂಗ ಗಿಡವನ್ನು ನೋಡಿದ. ಹೆಂಚು ಮುಟ್ಟಿದ ಗಿಡ. ಅವಳ ಕೈಯ ಲೋಟವನ್ನು ನೋಡಿದ. ಅದು ಅವನದೇ ಹಳೆಯ ಲೋಟ, ಅಂಚು ಸೊಟ್ಟಗಾದದ್ದು. ದಿನವೂ ಅವನ ಪಾಲನ್ನು ಅವಳು ಕಡೆಯುತ್ತಲೇ ಇದ್ದಳು, ಅವನ ಲೋಟಕ್ಕೇ ಬಗ್ಗಿಸುತ್ತಿದ್ದಳು.

"ಅದ್ಕೆ ಬ್ಯಾಡ," ಎಂದು ಕೈ ಚಾಚಿದ. "ಇಲ್ಲಿ ಕೊಡು."

ಕುಡಿದ. ಒಂದೇ ಉಸಿರಿಗೆ, ಲೋಟ ಮೇಲೆತ್ತಿ, ಮೀಸೆಗೆಲ್ಲ ಬಳಿದುಕೊಂಡು ಕುಡಿದ. ಮಂಗಳಮ್ಮ ಎದುರಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವನು ಮೀಸೆ ಒರೆಸಿಕೊಂಡು ಏನೋ ಹೇಳಲು ಬಾಯಿ ತೆರೆದ.

"ಬ್ಯಾಡ" ಎಂದಳು. "ನಿಮ್ ಬಾಯ್ಮಾತು ಬ್ಯಾಡ. ಚೀಲ ಯೋಳ್ಲಿ."

ಡಾಕ್ಟರು ಮಾಡಿದ ಹಾಗೆಯೇ ಹೆಬ್ಬೆರಳಿನಿಂದ ಅವನ ಕೆಳರೆಪ್ಪೆ ಎಳೆದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು.

"ಇನ್ನೂ ಬೆಳ್ಳಗದೆ" ಎಂದು ತನ್ನ ಲೋಟವನ್ನೂ ಅವನ ಲೋಟಕ್ಕೆ ಬಗ್ಗಿಸಿದಳು.